ಮಕ್ಕಳ ಕೈಯಲ್ಲೇ ಕ್ರಿಸ್ಮಸ್ ಉಡುಗೊರೆ: ಓವನ್ ಇಲ್ಲ, ಬಾಲ್ಕನಿ ಚಿಕ್ಕದು. ಏನೇನು ಮಾಡಿಸಬಹುದು?

ಶಿರ್ವದ ಮಗಳು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಈ ಸಲ ಕ್ರಿಸ್ಮಸ್ಸಿಗೆ ನಾವು ಊರಿಗೆ ಹೋಗುತ್ತಿಲ್ಲ. ಇವರಿಗೆ ರಜೆ ಸಿಕ್ಕಿಲ್ಲ. ಆ ವಾರದ ಬಸ್ ದರವಂತೂ ಕೇಳಲೇಬೇಡಿ. ಹಾಗಾಗಿ ಹಬ್ಬ ಬೆಂಗಳೂರಿನಲ್ಲೇ, ಹೆಣ್ಣೂರು ಕಡೆಯ ನಮ್ಮ ಬಾಡಿಗೆ ಫ್ಲ್ಯಾಟಿನಲ್ಲಿ.

ಮಗಳಿಗೆ ಒಂಬತ್ತು, ಮಗನಿಗೆ ನಾಲ್ಕು ವರ್ಷ. ಊರಲ್ಲಿದ್ದರೆ ನಾನೇನೂ ಯೋಚನೆ ಮಾಡಬೇಕಾಗಿರಲಿಲ್ಲ. ಅಪ್ಪ ಅಡಿಕೆ ಸಲಿಕೆ (ಅಡಿಕೆ ಮರದ ಪಟ್ಟಿ) ಸೀಳಿ ನಕ್ಷತ್ರ ಕಟ್ಟುತ್ತಿದ್ದರು. ಗೋದಲಿಗೆ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಗೆ) ಬೈಹುಲ್ಲು ಪಕ್ಕದ ಗದ್ದೆಯಿಂದ ಬರುತ್ತಿತ್ತು. ಕುಸ್ವಾರ್ (ಕ್ರಿಸ್ಮಸ್ ತಿಂಡಿಗಳು) ಮಾಡುವ ದಿನ ಚಿಕ್ಕಮ್ಮಂದಿರು, ಅತ್ತೆಯಂದಿರು ಎಲ್ಲ ಸೇರುತ್ತಿದ್ದರು. ಮಕ್ಕಳಿಗೆ ಒಂದೊಂದು ಫೋರ್ಕ್ ಕೊಟ್ಟು ಮೂಲೆಯಲ್ಲಿ ಕೂರಿಸಿದರೆ ಆಯಿತು. ಇಲ್ಲಿ ಎಲ್ಲಕ್ಕೂ ನಾನೊಬ್ಬಳೇ.

ಫೋನಿನಲ್ಲಿ ಬೇಕಾದಷ್ಟು ವಿಡಿಯೋ ನೋಡಿದೆ. ಅರ್ಧಕ್ಕರ್ಧ ಹಾಟ್ ಗ್ಲೂ ಗನ್ ಕೇಳುತ್ತವೆ. ಉಳಿದವು ಓವನ್ ಕೇಳುತ್ತವೆ. ಗ್ಲಿಟರ್ ಅಂತೂ ಎಲ್ಲದರಲ್ಲೂ ಇದೆ. ಹೆಸರಿಗೆ ಮಾತ್ರ ಮಕ್ಕಳ ಕ್ರಾಫ್ಟ್. ಮಕ್ಕಳು ಹತ್ತು ನಿಮಿಷ ನೋಡಿ ಎದ್ದು ಹೋಗುತ್ತಾರೆ, ಕೊನೆಗೆ ಮುಗಿಸುವುದು ಅಮ್ಮ. ನನಗೆ ಅದು ಬೇಡ. ಅವರೇ ಮಾಡಬೇಕು, ಮಾಡಿದ್ದನ್ನು ಅವರೇ ಹೋಗಿ ಕೊಡಬೇಕು.

ಕೊಡಬೇಕಾದವರು ಇಷ್ಟು ಜನ. ಊರಲ್ಲಿರುವ ಅಜ್ಜಿ (ಕೊರಿಯರ್‌ನಲ್ಲಿ ಕಳಿಸಬೇಕು, ಒಡೆಯುವಂಥದ್ದು ಆಗಲ್ಲ). ಪಕ್ಕದ ಮನೆಯ ಆಂಟಿ, ಅವರು ಮೊಟ್ಟೆ ತಿನ್ನುವುದಿಲ್ಲ. ಮಗಳ ಟೀಚರ್. ಮನೆಕೆಲಸಕ್ಕೆ ಬರುವ ಅಕ್ಕ. ಗೇಟಿನ ವಾಚ್‌ಮನ್ ಅಂಕಲ್. ಇದರ ಜೊತೆ ಬಾಲ್ಕನಿಗೆ ಒಂದು ನಕ್ಷತ್ರ, ಟಿವಿ ಪಕ್ಕ ಒಂದು ಪುಟ್ಟ ಗೋದಲಿ ಆದರೆ ಸಾಕು. ಒಟ್ಟು ಖರ್ಚು ಸಾವಿರ ರೂಪಾಯಿ ದಾಟಬಾರದು.

ನಾಲ್ಕು ವರ್ಷದವನಿಗೆ ನಿಜವಾಗಿ ಏನು ಕೊಡಬಹುದು ಅನ್ನುವುದೇ ನನಗೆ ದೊಡ್ಡ ಪ್ರಶ್ನೆ. ಗೊತ್ತಿದ್ದವರು ಹೇಳಿ.


ಪೇಟೆ ಹುಡುಗ ಬರೆದದ್ದು:

ಅಕ್ಕ, ಮೊದಲು ಸಾಮಾನಿನ ವಿಷಯ. ಏರಿಯಾದ ಸ್ಟೇಷನರಿ ಅಂಗಡಿಯಲ್ಲಿ ಒಂದೊಂದೇ ಶೀಟ್ ತಗೊಂಡರೆ ನಿಮ್ಮ ಸಾವಿರ ರೂಪಾಯಿ ಅಲ್ಲೇ ಮುಗಿಯುತ್ತದೆ. ಅವೆನ್ಯೂ ರಸ್ತೆ, ಚಿಕ್ಕಪೇಟೆ ಕಡೆ ಒಂದು ಬೆಳಿಗ್ಗೆ ಹೋಗಿ ಬನ್ನಿ. ಗಾಳಿಪಟದ ಕಾಗದ, ಕಾರ್ಡ್ ಶೀಟ್, ಪುಸ್ತಕಕ್ಕೆ ಹಾಕುವ ಬ್ರೌನ್ ಪೇಪರ್ ಎಲ್ಲ ಕಟ್ಟುಗಟ್ಟಲೆ ಸಿಗುತ್ತದೆ. ಭಾನುವಾರ ಮಾತ್ರ ಬೇಡ, ಅಂಗಡಿಗಳು ಜಾಸ್ತಿ ಮುಚ್ಚಿರುತ್ತವೆ. ಮಕ್ಕಳನ್ನೂ ಕರೆದುಕೊಂಡು ಹೋಗಬೇಡಿ, ಆ ಜನದಲ್ಲಿ ಕಷ್ಟ.

ಇನ್ನೊಂದು, ಕಾಗದದ ನಕ್ಷತ್ರಕ್ಕೆ ಸುಲಭ ದಾರಿ. ಮೆಡಿಕಲ್ ಶಾಪಿನಲ್ಲಿ ಮಾತ್ರೆ ಹಾಕಿ ಕೊಡುವ ಕಂದು ಕವರ್ ಇದೆಯಲ್ಲ, ಅದೇ ಅಳತೆಯ ಎಂಟೊಂಬತ್ತು ಹೊಸ ಕವರ್ ತಗೊಳ್ಳಿ. ಒಂದರ ಮೇಲೆ ತಲೆಕೆಳಗಾದ ‘ಟಿ’ ಥರ ಅಂಟು ಹಚ್ಚಿ, ಅಂದರೆ ಮುಚ್ಚಿದ ತಳದ ಉದ್ದಕ್ಕೆ ಒಂದು ಗೆರೆ, ನಡುವಿನಲ್ಲಿ ಮೇಲಕ್ಕೆ ಒಂದು ಗೆರೆ. ಮೇಲೆ ಇನ್ನೊಂದು ಕವರ್ ಇಡಿ. ಹೀಗೇ ಎಲ್ಲ ಅಂಟಿಸಿ. ಒಣಗಿದ ಮೇಲೆ ಬಾಯಿ ಕಡೆಯ ತುದಿಯನ್ನು ಚೂಪಾಗಿ ಕತ್ತರಿಸಿ. ಬದಿಗಳಲ್ಲಿ ಒಂದೆರಡು ಸಣ್ಣ ತ್ರಿಕೋನ ಕತ್ತರಿಸಿ ತೆಗೆಯಿರಿ. ಆಮೇಲೆ ಬೀಸಣಿಗೆ ಬಿಡಿಸುವ ಹಾಗೆ ಬಿಡಿಸಿ ಎರಡು ತುದಿ ಸೇರಿಸಿ ಅಂಟಿಸಿದರೆ ದೊಡ್ಡ ನಕ್ಷತ್ರ. ನಿಮ್ಮ ಮಗಳಿಗೆ ಅರ್ಧ ಗಂಟೆ ಕೆಲಸ.


ಬಂಟ್ವಾಳದ ಮಾಸ್ಟ್ರು ಬರೆದದ್ದು:

ತಂಗಿ, ನಾನು ಬಂಟ್ವಾಳ ತಾಲೂಕಿನ ಶಾಲೆಗಳಲ್ಲಿ ಕ್ರಾಫ್ಟ್ ಕಲಿಸಿ ನಿವೃತ್ತನಾದವನು. ನಮ್ಮ ಮನೆಯಲ್ಲಿ ಕ್ರಿಸ್ಮಸ್ ಆಚರಣೆ ಇಲ್ಲ. ಆದರೆ ನಮ್ಮ ಕಡೆಯ ಶಾಲೆ ನಿಮಗೆ ಗೊತ್ತಲ್ಲ, ಡಿಸೆಂಬರ್ ಬಂತೆಂದರೆ ಇಡೀ ಕ್ಲಾಸಿಗೆ ನಕ್ಷತ್ರದ ಹುಚ್ಚು ಹಿಡಿಯುತ್ತಿತ್ತು. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಬೇಡಿ.

ಯಾವ ವಸ್ತು ಮಾಡಿಸುವುದು ಅಂತ ಎಲ್ಲರೂ ಕೇಳುತ್ತಾರೆ. ನಾನು ಮೊದಲು ಕೇಳುವುದು, ಮಗುವಿನ ಕೈಗೆ ಯಾವ ಕೆಲಸ ಒಗ್ಗುತ್ತದೆ ಅಂತ. ನಾಲ್ಕು ವರ್ಷದವರಿಗೆ ಹರಿಯುವುದು ಇಷ್ಟ. ಒತ್ತುವುದು, ಚುಚ್ಚುವುದು, ಅಂಟು ಬಳಿಯುವುದು ಇಷ್ಟ. ಗೆರೆ ಮೇಲೆ ಕತ್ತರಿಸುವುದು, ಗೆರೆಯೊಳಗೆ ಬಣ್ಣ ತುಂಬುವುದು ಆ ವಯಸ್ಸಿನ ಕೆಲಸವಲ್ಲ. ಅದನ್ನು ಮಾಡಿಸಲು ಹೋದರೆ ನೀವು ಹೇಳಿದ ಹಾಗೆ ಹತ್ತು ನಿಮಿಷಕ್ಕೆ ಎದ್ದು ಹೋಗುತ್ತಾರೆ. ಒಂಬತ್ತರವರಿಗೆ ಅಳೆಯುವುದು, ಗಂಟು ಹಾಕುವುದು, ಮಡಚುವುದು ಬೇಕು. ಅವಳಿಗೆ ಹತ್ತಿ ಅಂಟಿಸುವ ಕೆಲಸ ಕೊಟ್ಟರೆ ಅವಮಾನ ಆದ ಹಾಗೆ ಮುಖ ಮಾಡುತ್ತಾಳೆ. ಕೆಲಸ ಗೊತ್ತಾದರೆ ವಸ್ತು ತಾನಾಗಿಯೇ ಸಿಗುತ್ತದೆ.

ಒತ್ತುವುದರಿಂದ ಶುರು ಮಾಡೋಣ. ಬೆಂಡೆಕಾಯಿ ತಗೊಳ್ಳಿ, ಎಳೆಯದು ಬೇಡ, ಏಣು ಚೆನ್ನಾಗಿ ಎದ್ದಿರುವ ಬಲಿತದ್ದು. ಅಡ್ಡ ಕತ್ತರಿಸಿದರೆ ಒಳಗೆ ಐದು ಮನೆಗಳು ಕಾಣುತ್ತವೆ. ಲೋಳೆ ಇರುತ್ತದೆ, ಹಳೆ ಬಟ್ಟೆಯ ಮೇಲೆ ಕವುಚಿ ಸ್ವಲ್ಪ ಹೊತ್ತು ಇಡಿ. ಒಂದು ತಟ್ಟೆಯಲ್ಲಿ ಸ್ಪಾಂಜು ಇಟ್ಟು ಅದರ ಮೇಲೆ ಪೋಸ್ಟರ್ ಕಲರ್ ಹಾಕಿ, ನೀರು ಬೆರೆಸಬೇಡಿ. ಬೆಂಡೆಕಾಯಿಯನ್ನು ಸ್ಪಾಂಜಿಗೆ ಒತ್ತಿ ಕಾಗದಕ್ಕೆ ಒತ್ತಿದರೆ ಐದು ಮೂಲೆಯ ನಕ್ಷತ್ರ ಬೀಳುತ್ತದೆ. ಊರಲ್ಲಿದ್ದಿದ್ದರೆ ದಾರೆಹುಳಿ ಹಣ್ಣು ಉಪಯೋಗಿಸಿ ಅನ್ನುತ್ತಿದ್ದೆ. ಅದು ಅಡ್ಡ ಕತ್ತರಿಸಿದರೆ ಅಸಲಿ ನಕ್ಷತ್ರವೇ. ಬೆಂಗಳೂರಿನ ಹಣ್ಣಿನಂಗಡಿಯಲ್ಲೂ ಒಮ್ಮೊಮ್ಮೆ ಸಿಗುತ್ತದೆ, ಕೇಳಿ ನೋಡಿ.

ಇದನ್ನು ಎಲ್ಲಿ ಒತ್ತಿಸುವುದು? ಪುಸ್ತಕಕ್ಕೆ ಹಾಕುವ ಬ್ರೌನ್ ಪೇಪರಿನ ಮೇಲೆ. ಇಡೀ ಹಾಳೆ ನೆಲಕ್ಕೆ ಹಾಸಿ, ನಾಲ್ಕು ಮೂಲೆಗೆ ಡಬ್ಬ ಇಟ್ಟು ಹುಡುಗನನ್ನು ಬಿಟ್ಟುಬಿಡಿ. ಬಿಳಿ ಬಣ್ಣ ಒಂದು, ಕೆಂಪು ಒಂದು, ಅಷ್ಟೇ ಕೊಡಿ. ಐದಾರು ಬಣ್ಣ ಕೊಟ್ಟರೆ ಕೊನೆಗೆ ಎಲ್ಲ ಸೇರಿ ಸೆಗಣಿ ಬಣ್ಣ ಆಗುತ್ತದೆ. ಆ ಹಾಳೆಯೇ ನಿಮ್ಮ ಎಲ್ಲ ಉಡುಗೊರೆಗೂ ಸುತ್ತುವ ಕಾಗದ. ಹಾಗಾಗಿ ಪ್ರತಿ ಉಡುಗೊರೆಯಲ್ಲೂ ಅವನ ಕೈ ಇದ್ದೇ ಇರುತ್ತದೆ. ವಕ್ರವಾಗಿ ಬಿದ್ದದ್ದನ್ನು ನೀವು ಸರಿ ಮಾಡಲು ಹೋಗಬೇಡಿ.

ಹರಿಯುವ ಕೆಲಸಕ್ಕೆ ಜಾಮ್ ಬಾಟಲಿ. ಗಾಳಿಪಟದ ಕಾಗದವನ್ನು ಅವನು ಬೆರಳಲ್ಲೇ ಹರಿಯಲಿ, ಕತ್ತರಿ ಬೇಡ. ಬಾಟಲಿಯ ಹೊರಗೆ ಅಂಟು ಬಳಿದು ತುಂಡುಗಳನ್ನು ಒಂದರ ಮೇಲೊಂದು ಬರುವ ಹಾಗೆ ಅಂಟಿಸಲಿ. ಹಳದಿ, ಕೆಂಪು, ಕಿತ್ತಳೆ ಸೇರಿದರೆ ಚೆಂದ. ಒಳಗೆ ದೀಪಾವಳಿಯ ಬ್ಯಾಟರಿ ಹಣತೆ ಇಡಿ. ಮೇಣದ ಬತ್ತಿ ಬೇಡ, ಹೊರಗೆ ಇರುವುದು ಕಾಗದ. ಟೀಚರಿಗೆ ಇದು ಚೆನ್ನಾಗಿರುತ್ತದೆ.

ಅಂಟು ಕೊಳ್ಳಬೇಡಿ. ಎರಡು ದೊಡ್ಡ ಚಮಚ ಮೈದಾವನ್ನು ಒಂದು ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ತಿರುವುತ್ತಾ ಇರಿ. ಬಿಳಿ ಹೋಗಿ ಮಂಜುಮಂಜಾಗಿ ಹೊಳೆಯುವಾಗ ಇಳಿಸಿ. ತಣಿದ ಮೇಲೆ ಮಕ್ಕಳಿಗೆ ಕೊಡಿ. ಬಾಯಿಗೆ ಹೋದರೂ ತೊಂದರೆ ಇಲ್ಲ. ಫ್ರಿಜ್ಜಿನಲ್ಲಿ ಎರಡು ಮೂರು ದಿನ ಇರುತ್ತದೆ. ಹಿಂದೆ ಹುಳ ಬಾರದಿರಲಿ ಅಂತ ಇದಕ್ಕೆ ಮೈಲುತುತ್ತ ಹಾಕುತ್ತಿದ್ದರು. ಅದು ವಿಷ. ಮಕ್ಕಳಿರುವಲ್ಲಿ ಅದರ ಮಾತೇ ಬೇಡ.

ಈಗ ಮಗಳ ನಕ್ಷತ್ರ. ಅಡಿಕೆ ಸಲಿಕೆ ನಿಮಗೆ ಅಲ್ಲಿ ಸಿಗುವುದಿಲ್ಲ. ತೆಳುವಾಗಿ ಸೀಳಿದ ಬಿದಿರು ಕಡ್ಡಿ ಸಿಕ್ಕಿದರೆ ಅದು, ಇಲ್ಲವೇ ತೆಂಗಿನ ಹಿಡಿಸೂಡಿಯ (ಪೊರಕೆಯ) ದಪ್ಪ ಕಡ್ಡಿ. ಬಿದಿರಾದರೆ 45 ಸೆಂ.ಮೀ. ಉದ್ದದ್ದು ಹತ್ತು ಕಡ್ಡಿ, 10 ಸೆಂ.ಮೀ. ಉದ್ದದ್ದು ಐದು ತುಂಡು. ಹಿಡಿಸೂಡಿ ಕಡ್ಡಿಯಾದರೆ 25 ಮತ್ತು 5 ಸೆಂ.ಮೀ. ಸಾಕು, ಪುಟ್ಟ ನಕ್ಷತ್ರ ಆಗುತ್ತದೆ. ಬಿದಿರಿನ ಸಿಬಿರು ಚುಚ್ಚುತ್ತದೆ. ಮೊದಲೇ ನೀವು ಉಪ್ಪುಕಾಗದದಲ್ಲಿ ಉಜ್ಜಿ ಕೊಡಿ.

ಕಟ್ಟುವ ಕ್ರಮ ಹೀಗೆ. ಮಕ್ಕಳು ಪೆನ್ಸಿಲ್ ಎತ್ತದೆ ಐದು ಗೆರೆಯಲ್ಲಿ ನಕ್ಷತ್ರ ಬರೆಯುತ್ತಾರಲ್ಲ, ಹಾಗೆ ನ್ಯೂಸ್ ಪೇಪರಿನ ಮೇಲೆ ದೊಡ್ಡದಾಗಿ ಬರೆಯಿಸಿ. ಪ್ರತಿ ಗೆರೆಯ ಮೇಲೂ ಒಂದು ಕಡ್ಡಿ ಇಡಿಸಿ. ಐದು ತುದಿಗೂ ರಬ್ಬರ್ ಬ್ಯಾಂಡ್ ಸುತ್ತಲಿ. ನೂಲಿನಲ್ಲಿ ಕಟ್ಟುವುದು ಗಟ್ಟಿ, ಆದರೆ ಮಗು ಗಂಟು ಹಾಕುವಷ್ಟರಲ್ಲಿ ಕಡ್ಡಿ ಜಾರುತ್ತದೆ. ರಬ್ಬರ್ ಹಾಕಿ ನಿಲ್ಲಿಸಿ, ಮೇಲೆ ನೂಲು ಸುತ್ತಿದರೆ ಆಯಿತು. ಇಂಥವೇ ಎರಡು ನಕ್ಷತ್ರ. ಒಂದರ ಮೇಲೊಂದು ಇಟ್ಟು ಐದು ತುದಿಗಳನ್ನೂ ಒಟ್ಟಿಗೆ ಕಟ್ಟಿ. ಆಮೇಲೆ ನಡುವೆ ಕಡ್ಡಿಗಳು ಒಂದನ್ನೊಂದು ದಾಟುವ ಐದು ಜಾಗ ಇವೆಯಲ್ಲ, ಅಲ್ಲಿ ಎರಡೂ ನಕ್ಷತ್ರದ ನಡುವೆ ಆ ಸಣ್ಣ ತುಂಡುಗಳನ್ನು ನಿಲ್ಲಿಸಿ ಕಟ್ಟಿ. ಚಪ್ಪಟೆ ಇದ್ದದ್ದು ಹೊಟ್ಟೆ ಉಬ್ಬಿಸಿಕೊಂಡು ನಿಲ್ಲುತ್ತದೆ. ಆ ಕ್ಷಣಕ್ಕೆ ಕ್ಲಾಸಿನಲ್ಲಿ ಯಾವಾಗಲೂ ಒಂದು ‘ಹೋ’ ಏಳುತ್ತಿತ್ತು.

ಕಾಗದ ಅಂಟಿಸುವಾಗ ಮುಂದೆ, ಹಿಂದೆ ಎರಡೂ ಕಡೆ ಹಚ್ಚಿ, ಪಕ್ಕದ ಸಂದುಗಳಿಗೆ ತ್ರಿಕೋನ ಕತ್ತರಿಸಿ ಹಚ್ಚಿ. ಅಂಥ ಸಂದು ಹತ್ತು ಇರುತ್ತವೆ. ಒಂದನ್ನು ಖಾಲಿ ಬಿಡಿ, ಬಲ್ಬ್ ಹಾಕಲು. ಬಲ್ಬ್ ಎಲ್‌ಇಡಿ ಮಾತ್ರ, 5 ವ್ಯಾಟ್ ಧಾರಾಳ. ಹಳೆಯ ಫಿಲಮೆಂಟ್ ಬಲ್ಬ್ ಬಿಸಿಗೆ ಕಾಗದ ಕರಕಲಾಗುತ್ತದೆ, ಬೆಂಕಿಯ ಭಯವೂ ಇದೆ. ಪುಟ್ಟ ನಕ್ಷತ್ರವಾದರೆ ಬಲ್ಬೇ ಬೇಡ, ಬ್ಯಾಟರಿಯ ಸೀರಿಯಲ್ ಸೆಟ್ ಸಾಕು. ನಕ್ಷತ್ರದ ಭಾರ ವೈರಿನ ಮೇಲೆ ಬೀಳಬಾರದು. ಬೇರೆ ದಾರ ಕಟ್ಟಿ ತೂಗುಹಾಕಿ. ವೈರಿನ ಕೆಲಸ ಮಕ್ಕಳದ್ದಲ್ಲ, ನಿಮ್ಮ ಯಜಮಾನರಿಗೆ ಬಿಡಿ.

ಗೋದಲಿಗೆ ಗೊಂಬೆ ಸೆಟ್ ಕೊಳ್ಳುವುದು ಕೊಳ್ಳದಿರುವುದು ನಿಮ್ಮಿಷ್ಟ. ನಾನಾದರೆ ಕೊಳ್ಳುತ್ತಿರಲಿಲ್ಲ. ಸಂತ ಫ್ರಾನ್ಸಿಸರು 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಗೋದಲಿ ಏರ್ಪಡಿಸಿದಾಗ ಇದ್ದದ್ದು ಹುಲ್ಲು ತುಂಬಿದ ಒಂದು ಗೋದಲೆ (ದನದ ಮೇವಿನ ತೊಟ್ಟಿ), ಜೀವಂತ ಎತ್ತು, ಜೀವಂತ ಕತ್ತೆ. ಗೊಂಬೆಗಳ ಸಾಲು ಬಂದದ್ದು ಆಮೇಲೆ. ಗಣೇಶ ಚೌತಿಯ ಜೇಡಿಮಣ್ಣು ಎಲ್ಲಾದರೂ ಉಳಿದಿದ್ದರೆ ಮಗಳು ಮರಿಯ, ಜೋಸೆಫ್, ಬಾಲಯೇಸು ಮೂರು ಮಾಡಲಿ. ಕೈಕಾಲು ಬಿಡಿಸುವುದು ಬೇಡ, ಅದು ಒಣಗಿ ಮುರಿಯುತ್ತದೆ. ಹೊದ್ದುಕೊಂಡು ಕೂತ ಹಾಗೆ ಒಂದೇ ಮುದ್ದೆ, ಮೇಲೊಂದು ತಲೆ. ಹುಡುಗ ಗುಂಡಗಿನ ಕಲ್ಲು ಆರಿಸಿ ತರಲಿ, ಬತ್ತಿಯ ಹತ್ತಿ ಅಂಟಿಸಲಿ. ಕುರಿ ಆಯಿತು. ಅವನು ಮೂವತ್ತು ಕುರಿ ಮಾಡಿದರೂ ಬೇಡ ಅನ್ನಬೇಡಿ.

ಹುಲ್ಲಿಗೆ ರಾಗಿ ಬಿತ್ತಿ. ನಿಮ್ಮ ಊರಲ್ಲೂ ಭತ್ತವೋ ರಾಗಿಯೋ ಗೆರಟೆಯಲ್ಲಿ (ತೆಂಗಿನ ಚಿಪ್ಪಿನಲ್ಲಿ) ಮೊಳಕೆ ಬರಿಸುತ್ತಿದ್ದಿರಬೇಕು. ರಾತ್ರಿ ನೆನೆಹಾಕಿ, ಎರಡು ಬೆರಳು ಮಣ್ಣು ತುಂಬಿದ ಗೆರಟೆಯಲ್ಲೋ ಐಸ್‌ಕ್ರೀಮ್ ಡಬ್ಬದಲ್ಲೋ ಒತ್ತಾಗಿ ಹರಡಿ, ಒದ್ದೆ ಬಟ್ಟೆ ಮುಚ್ಚಿ. ಮೊಳಕೆ ಕಂಡ ಮೇಲೆ ಬಟ್ಟೆ ತೆಗೆದು ಬೆಳಕಿಗೆ ಇಡಿ, ಇಲ್ಲದಿದ್ದರೆ ಹಳದಿಯಾಗಿ ಏಳುತ್ತದೆ. ನೀರು ಕೈಯಲ್ಲಿ ಚಿಮುಕಿಸುವುದು ಹುಡುಗನ ದಿನದ ಡ್ಯೂಟಿ.


ಶಿರ್ವದ ಮಗಳು ಬರೆದದ್ದು:

ಮಾಸ್ಟ್ರೇ, ಇಷ್ಟು ಬರೆದಿರಲ್ಲ, ತುಂಬಾ ಉಪಕಾರ. ಬೆಂಡೆಕಾಯಿ ಮನೆಯಲ್ಲೇ ಇತ್ತು, ಮಧ್ಯಾಹ್ನವೇ ಟ್ರಯಲ್ ಆಯಿತು. ಬ್ರೌನ್ ಪೇಪರ್ ಬಿಟ್ಟು ಅವನ ಬನಿಯನ್ ಮೇಲೂ ನಕ್ಷತ್ರ ಬಿದ್ದಿದೆ. ಪೇಟೆ ಹುಡುಗ ಅವರಿಗೂ ಥ್ಯಾಂಕ್ಸ್. ಮೆಡಿಕಲ್ ಶಾಪಿನವರು ಕವರ್ ದುಡ್ಡಿಲ್ಲದೇ ಕೊಟ್ಟರು.

ಅಜ್ಜಿಯ ಪಾರ್ಸೆಲ್ ಮಾತ್ರ ಇನ್ನೂ ಹೊಳೆಯುತ್ತಿಲ್ಲ. ಬಾಟಲಿ ಕಳಿಸಲು ಆಗಲ್ಲ, ನಕ್ಷತ್ರವೂ ಆಗಲ್ಲ. ಕಿಡಿಯೊ (ಫೋರ್ಕಿನ ಮೇಲೆ ಸುರುಳಿ ಸುತ್ತಿ ಕರಿಯುವ ಸಿಹಿ ತಿಂಡಿ) ಮೊಟ್ಟೆ ಇಲ್ಲದೆ ಆಗುತ್ತದಾ? ಅಮ್ಮ ಯಾವಾಗಲೂ ಮೊಟ್ಟೆ ಹಾಕುತ್ತಿದ್ದರು. ರಾಗಿ ಬಿತ್ತುವುದು ಯಾವ ತಾರೀಖಿಗೆ ಅಂತಲೂ ಹೇಳಿ. ನಮ್ಮ ಬಾಲ್ಕನಿಯಲ್ಲಿ ಪಾರಿವಾಳದ ಕಾಟ ಬೇರೆ.


ಸ್ಟುಟ್‌ಗಾರ್ಟ್ ಶ್ರೀಮತಿ ಬರೆದದ್ದು:

ಅಜ್ಜಿಗೆ ಕಿಟಕಿ ನಕ್ಷತ್ರ ಕಳಿಸಿ. ನಾನಿರುವ ಜರ್ಮನಿಯಲ್ಲಿ ಅಡ್ವೆಂಟ್ (ಕ್ರಿಸ್ಮಸ್ಸಿಗೆ ಮುಂಚಿನ ಸಿದ್ಧತೆಯ ವಾರಗಳು) ಶುರುವಾದರೆ ಸಾಕು, ಕಿಂಡರ್‌ಗಾರ್ಟನ್ ಕಿಟಕಿಗಳಲ್ಲಿ ಎಲ್ಲೆಲ್ಲೂ ಇವೇ. ಮಾಡಲು ಬೇಕಾದದ್ದು ಗಾಳಿಪಟದ ಕಾಗದ, ಚೂರು ಅಂಟು. ಚಪ್ಪಟೆಯಾಗಿರುವುದರಿಂದ ಎರಡು ರಟ್ಟಿನ ನಡುವೆ ಇಟ್ಟು ಲಕೋಟೆಯಲ್ಲೇ ಕಳಿಸಬಹುದು. ಕೊರಿಯರ್ ಹುಡುಗ ಹೇಗೆ ಎಸೆದರೂ ಏನೂ ಆಗಲ್ಲ.

10 ಸೆಂ.ಮೀ. ಚೌಕದ ಎಂಟು ತುಂಡು ಒಂದೇ ಬಣ್ಣದ್ದು ತಗೊಳ್ಳಿ. ಒಂದೊಂದನ್ನೂ ಮೂಲೆಯಿಂದ ಮೂಲೆಗೆ ಮಡಚಿ ಬಿಚ್ಚಿ, ನಡುವೆ ಗೆರೆ ಬರುತ್ತದೆ. ಆ ಗೆರೆಯ ಒಂದು ತುದಿಯಲ್ಲಿರುವ ಮೂಲೆಯ ಎರಡು ಅಂಚುಗಳನ್ನು ಗೆರೆಗೆ ತಾಗುವಂತೆ ಒಳಗೆ ಮಡಚಿ. ಗಾಳಿಪಟದ ಆಕಾರ ಆಯಿತಲ್ಲ, ಮಡಿಕೆ ಏಳದಂತೆ ಚುಕ್ಕೆ ಅಂಟು ಹಾಕಿ. ಎಂಟೂ ಹೀಗೆ ಮಾಡಿ. ಜೋಡಿಸುವಾಗ ಮಡಚಿದ ಚೂಪು ತುದಿ ಹೊರಗೆ, ಅಗಲದ ತುದಿ ನಡುವೆ. ಒಂದರ ನಡುಗೆರೆಗೆ ಇನ್ನೊಂದರ ಕೆಳಗಿನ ಅಂಚು ಸರಿಯಾಗಿ ಕೂರುವಂತೆ ಅಂಟಿಸುತ್ತಾ ಹೋಗಿ. ಕೊನೆಯದು ಮೊದಲನೆಯದರ ಅಡಿಗೆ ಹೋಗುತ್ತದೆ. ಕಿಟಕಿ ಗಾಜಿಗೆ ಹಚ್ಚಿದರೆ ಕಾಗದ ಒಂದರ ಮೇಲೊಂದು ಬಂದ ಕಡೆಯೆಲ್ಲ ಬಣ್ಣ ಗಾಢವಾಗಿ ಕಾಣುತ್ತದೆ. ಅದರೊಳಗೇ ಇನ್ನೊಂದು ನಕ್ಷತ್ರ! ಒಂಬತ್ತು ವರ್ಷದ ಮಗಳಿಗೆ ಹೇಳಿ ಮಾಡಿಸಿದ ಕೆಲಸ.

ಮಗಳಿಗೆ ಲೆಕ್ಕ ಇಷ್ಟವಾದರೆ ಇದನ್ನೂ ಹೇಳಿ. ಇಲ್ಲಿನ ಹೆರ್ನ್‌ಹೂಟ್ ನಕ್ಷತ್ರ ಅಂತ ಮೊನೆಮೊನೆಯ ದೊಡ್ಡ ಕಾಗದದ ನಕ್ಷತ್ರ ಬಹಳ ಪ್ರಸಿದ್ಧ. ಅದು ಹುಟ್ಟಿದ್ದೇ 19ನೇ ಶತಮಾನದ ಆರಂಭದಲ್ಲಿ, ಮೊರೇವಿಯನ್ ಸಭೆ ಎಂಬ ಕ್ರೈಸ್ತ ಪಂಗಡದವರ ಶಾಲೆಯೊಂದರಲ್ಲಿ, ರೇಖಾಗಣಿತ ಕಲಿಸುವುದಕ್ಕೆ.

ಪಾರ್ಸೆಲ್ಲಿನಲ್ಲಿ ಇನ್ನೊಂದು ಹಾಕಬಹುದು. ಮುಂದಿನ ವರ್ಷದ ಕ್ಯಾಲೆಂಡರ್. ಹನ್ನೆರಡು ಹಾಳೆ, ಮೇಲರ್ಧದಲ್ಲಿ ಮಕ್ಕಳ ಚಿತ್ರ, ಕೆಳಗೆ ಮಗಳೇ ಸ್ಕೇಲ್ ಹಿಡಿದು ಮನೆ ಹಾಕಿ ತಾರೀಖು ಬರೆಯಲಿ. ಅಂಕಿ ದಪ್ಪ ಇರಲಿ, ಮನೆಯೊಳಗೆ ಜಾಗ ಇರಲಿ. ಅಜ್ಜಿಯರಿಗೆ ಗ್ಯಾಸ್ ಬಂದ ದಿನ, ಡಾಕ್ಟರ ದಿನ ಗುರುತು ಹಾಕಲು ಬೇಕಲ್ಲ. ನನ್ನ ಅತ್ತೆ ಶಿವಮೊಗ್ಗದಲ್ಲಿ ಬೇರೆ ಕ್ಯಾಲೆಂಡರ್ ಮುಟ್ಟುವುದಿಲ್ಲ. ನಮ್ಮ ಮನೆಯ ಹಬ್ಬ ಬೇರೆ, ಉಪಾಯ ಅದೇ.

ಗ್ಲಿಟರ್ ಬಗ್ಗೆ ನೀವು ಹೇಳಿದ್ದು ಸರಿ. ಅದು ಪ್ಲಾಸ್ಟಿಕ್ ಚೂರು. 2023ರ ಅಕ್ಟೋಬರಿನಿಂದ ಯುರೋಪಿಯನ್ ಒಕ್ಕೂಟದಲ್ಲಿ ಬಿಡಿ ಪ್ಲಾಸ್ಟಿಕ್ ಗ್ಲಿಟರ್ ಮಾರಾಟಕ್ಕೆ ನಿರ್ಬಂಧ ಬಂದಿದೆ. ಮನೆಯ ಮೂಲೆಯಲ್ಲಿ ಬಿದ್ದದ್ದು ಯುಗಾದಿಯವರೆಗೂ ಸಿಗುತ್ತಿರುತ್ತದೆ ಅನ್ನುವುದು ಬೇರೆ ವಿಷಯ.


ಕಂಕನಾಡಿ ಬಾಯಿ ಬರೆದದ್ದು:

ಹಲೋ ಶಿರ್ವ! ಕಿಡಿಯೊ ಮೊಟ್ಟೆ ಇಲ್ಲದೆ ಧಾರಾಳ ಆಗುತ್ತದೆ. ತೆಂಗಿನ ಹಾಲು ದಪ್ಪ ಇದ್ದರೆ ಸಾಕು.

ಅರ್ಧ ಕೆಜಿ ಮೈದಾ, ಚಿಟಿಕೆ ಉಪ್ಪು, ಮೂರು ಚಮಚ ಸಕ್ಕರೆ ಪುಡಿ. ಎರಡು ದೊಡ್ಡ ಚಮಚ ತುಪ್ಪ ಬಿಸಿ ಮಾಡಿ ಹಾಕಿ, ಹಿಟ್ಟಿಗೆಲ್ಲ ತಾಗುವ ಹಾಗೆ ಉಜ್ಜಿ. ಆಮೇಲೆ ದಪ್ಪ ತೆಂಗಿನ ಹಾಲು, ಸುಮಾರು ಒಂದು ಲೋಟ. ಒಂದೇ ಸಲ ಸುರಿಯಬೇಡಿ. ಚಪಾತಿ ಹಿಟ್ಟಿಗಿಂತ ಸ್ವಲ್ಪ ಗಟ್ಟಿ ಇರಲಿ. ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಡಿ. ಗೋಲಿಯಷ್ಟು ಉಂಡೆ ಮಾಡಿ, ಫೋರ್ಕಿನ ಬೆನ್ನಿಗೆ ಚೂರು ಎಣ್ಣೆ ಸವರಿ, ಉಂಡೆಯನ್ನು ಹೆಬ್ಬೆರಳಲ್ಲಿ ಚಪ್ಪಟೆ ಮಾಡಿ ತುದಿಯಿಂದ ಸುರುಳಿ ಸುತ್ತಿ. ಇದು ಮಕ್ಕಳದೇ ಕೆಲಸ. ದೊಡ್ಡವರ ಬೆರಳಿಗಿಂತ ಅವರ ಬೆರಳಿಗೇ ಇದು ಸಲೀಸು. ನಿಮ್ಮ ನಾಲ್ಕು ವರ್ಷದವನದ್ದು ಸುರುಳಿ ಬರದೆ ಗೆರೆ ಬಿದ್ದ ಬಿಲ್ಲೆ ಆಗಬಹುದು, ಆಗಲಿ. ಆದರೆ ಅವನದ್ದನ್ನು ಬೇರೆ ಹಾಕಿ ಕರಿಯಿರಿ, ತೆಳ್ಳಗಿದ್ದರೆ ಬೇಗ ಕೆಂಪಾಗುತ್ತದೆ.

ಹದ ಉರಿಯಲ್ಲಿ ಕರಿದು ಪೂರ್ತಿ ತಣಿಯಲು ಬಿಡಿ. ಒಂದು ಲೋಟ ಸಕ್ಕರೆಗೆ ಕಾಲು ಲೋಟ ನೀರು ಹಾಕಿ ಎಳೆ ಪಾಕ ಮಾಡಿ, ಒಲೆ ಆರಿಸಿ ಕಿಡಿಯೊ ಹಾಕಿ ತಿರುವುತ್ತಾ ಇರಿ. ಸಕ್ಕರೆ ಬೆಳ್ಳಗೆ ಹಿಡಿಯುತ್ತದೆ. ಕರಿಯುವಾಗ ಮತ್ತು ಪಾಕದ ಹೊತ್ತಿಗೆ ಮಕ್ಕಳು ಅಡುಗೆಮನೆಯಿಂದ ಹೊರಗೆ. ಇದು ಕಡ್ಡಾಯ. ಕೊಕ್ಕಿಸಾಂ (ಅಚ್ಚಿನಲ್ಲಿ ಕರಿಯುವ ಹೂವಿನಾಕಾರದ ತಿಂಡಿ) ಆಸೆ ಬೇಡ. ಕಾದ ಅಚ್ಚಿನ ಹತ್ತಿರ ಮಕ್ಕಳಿಗೆ ಏನೂ ಕೆಲಸ ಇಲ್ಲ. ಗಾಳಿಯಾಡದ ಡಬ್ಬದಲ್ಲಿ ಕಿಡಿಯೊ ಹದಿನೈದು ದಿನ ಗರಿಗರಿ ಇರುತ್ತದೆ. ಅಜ್ಜಿಗೂ ಕಳಿಸಬಹುದು, ಪುಡಿಯಾಗುವ ತಿಂಡಿಯಲ್ಲ. ಆಂಟಿಗೆ ಕೊಡುವಾಗ ಮೊಟ್ಟೆ ಹಾಕಿಲ್ಲ ಅಂತ ಮಗಳೇ ಒಂದು ಚೀಟಿ ಬರೆದು ಅಂಟಿಸಲಿ. ಇಲ್ಲದಿದ್ದರೆ ಅವರು ಸಂಕೋಚಕ್ಕೆ ತಗೊಂಡು ಯಾರಿಗೋ ಕೊಟ್ಟುಬಿಡುತ್ತಾರೆ.

ಇನ್ನೊಂದು ಮಾತು, ತಪ್ಪು ತಿಳಿಯಬೇಡಿ. ಮನೆಕೆಲಸದ ಅಕ್ಕನಿಗೆ, ವಾಚ್‌ಮನ್‌ಗೆ ಬರೀ ಮಕ್ಕಳ ಕ್ರಾಫ್ಟ್ ಕೊಡಬೇಡಿ. ಅವರಿಗೂ ಮನೆಯಲ್ಲಿ ಮಕ್ಕಳಿರುತ್ತಾರೆ, ಬಣ್ಣದ ಕಾಗದದಿಂದ ಅವರ ಹಬ್ಬ ಆಗುವುದಿಲ್ಲ. ಲಕೋಟೆಯಲ್ಲಿ ದುಡ್ಡು ಇಡಿ, ಅದನ್ನು ನಿಮ್ಮ ಸಾವಿರದ ಲೆಕ್ಕಕ್ಕೆ ಸೇರಿಸಬೇಡಿ. ಆ ಲಕೋಟೆ ಮಕ್ಕಳು ಮಾಡಿದ್ದಾಗಿರಲಿ, ಜೊತೆಗೆ ಒಂದು ತಟ್ಟೆ ಕುಸ್ವಾರ್ ಇರಲಿ. ಮಕ್ಕಳು ಎರಡು ಕೈಯಲ್ಲಿ ಹಿಡಿದು ಹೆಸರು ಹೇಳಿ ಕೊಡಲಿ. ಆ ಅಂಕಲ್ ಹೆಸರು ನಿಮ್ಮ ಮಕ್ಕಳಿಗೆ ಗೊತ್ತಾ?

ನಾನು ಕೆಲಸಕ್ಕೆ ಹೋಗುವವಳು, ಅದಕ್ಕೇ ಇದನ್ನೂ ಹೇಳುತ್ತೇನೆ. ಮಾಸ್ಟ್ರು ಹೇಳಿದ್ದು, ನಾವು ಹೇಳಿದ್ದು ಎಲ್ಲ ಮಾಡಲು ಹೊರಟರೆ 24ರ ರಾತ್ರಿಯ ಪೂಜೆಗೆ ನೀವು ನಿದ್ದೆಯಲ್ಲೇ ಹೋಗುತ್ತೀರಿ. ಸುತ್ತುವ ಕಾಗದ, ಕಿಡಿಯೊ, ಒಂದು ನಕ್ಷತ್ರ. ಉಳಿದದ್ದು ಮಕ್ಕಳು ತಾವಾಗಿ ಕೇಳಿದರೆ ಮಾತ್ರ.


ಶಿರ್ವದ ಮಗಳು ಬರೆದದ್ದು:

ಬಾಯಿ, ಅಂಕಲ್ ಹೆಸರು ಮಗನಿಗೆ ಗೊತ್ತಿತ್ತು, ನನಗೇ ಗೊತ್ತಿರಲಿಲ್ಲ! ಅವನೇ ಹೇಳಿಕೊಟ್ಟ. ಲಕೋಟೆಯ ಮಾತು ಪೂರ್ತಿ ಸರಿ. ಅಜ್ಜಿಗೆ ಕಿಟಕಿ ನಕ್ಷತ್ರ, ಕ್ಯಾಲೆಂಡರ್, ಒಂದು ಡಬ್ಬ ಕಿಡಿಯೊ ಅಂತ ತೀರ್ಮಾನ ಆಯಿತು. ಮಗಳು ಈಗಲೇ ಜನವರಿಗೆ ಮನೆ ಹಾಕುತ್ತಿದ್ದಾಳೆ. ಮೇಲಿನ ಚಿತ್ರ ಅಜ್ಜಿಯ ಕೋಳಿಗಳಂತೆ. ಮಾಸ್ಟ್ರೇ, ರಾಗಿ?


ಬಂಟ್ವಾಳದ ಮಾಸ್ಟ್ರು ಬರೆದದ್ದು:

ನಮ್ಮ ಕಡೆ ಸೆಕೆಗೆ ಎಂಟು ದಿನ ಸಾಕು. ಬೆಂಗಳೂರಿನ ಡಿಸೆಂಬರ್ ಚಳಿಗೆ ಮೊಳಕೆ ನಿಧಾನ. 12ಕ್ಕೆ ನೆನೆಹಾಕಿ 13ಕ್ಕೆ ಬಿತ್ತಿ. 24ರ ಹೊತ್ತಿಗೆ ಎರಡು ಮೂರು ಬೆರಳು ಎದ್ದಿರುತ್ತದೆ. ಎರಡು ಡಬ್ಬದಲ್ಲಿ ಹಾಕಿ, ಎರಡನೆಯದನ್ನು ಎರಡು ದಿನ ಬಿಟ್ಟು. ಒಂದು ಕೊಳೆತರೆ ಇನ್ನೊಂದು ಇರುತ್ತದೆ. ನೀರು ನಿಂತರೆ ಬೂಸ್ಟು ಬರುತ್ತದೆ, ಹುಡುಗನಿಗೆ ಚೊಂಬು ಕೊಡಬೇಡಿ, ಕೈಯಲ್ಲೇ ಚಿಮುಕಿಸಲಿ.

ಪಾರಿವಾಳಕ್ಕೆ ರಾಗಿ ಅಂದರೆ ಪ್ರಾಣ. ಬಾಲ್ಕನಿಯಲ್ಲಿ ಇಡಲೇಬೇಡಿ. ಕಿಟಕಿಯ ಒಳಗಡೆ ಬಿಸಿಲು ಬೀಳುವ ಕಟ್ಟೆ ಇದ್ದರೆ ಅಲ್ಲಿ. ಇಲ್ಲವಾದರೆ ತರಕಾರಿ ತೊಳೆಯುವ ತೂತಿನ ಬುಟ್ಟಿ ಕವುಚಿ, ಮೇಲೊಂದು ಕಲ್ಲಿಡಿ. ಕುರಿಗೆಂದು ತಂದ ಕಲ್ಲೇ ಆದೀತು.